ಮಿಸ್ಟರ್ ಡೆರೆಕ್‌ಗೆ ಕೇಳಿಸದಿದ್ದ ಚಳಿಗಾಲ

ಕಳೆದ ತಿಂಗಳು ನಾದಿನಿಯ ಮಗಳ ಫಸ್ಟ್ ಕಮ್ಯೂನಿಯನ್ ಊಟಕ್ಕೆಂದು ಅಲ್ ಖೋರ್‌ಗೆ ಹೊರಟಿದ್ದೆವು. ನಮ್ಮ ಮನೆ ಇರುವುದು ಅಲ್ ವುಕೈರ್‌ನಲ್ಲಿ, ಅಂದರೆ ದೋಹಾ ಪೂರ್ತಿ ದಾಟಿ ಉತ್ತರಕ್ಕೆ ಹೋಗಬೇಕು. ನನ್ನ ಗಂಡ ರಿಚರ್ಡ್ ಕಾರು ಓಡಿಸುತ್ತಿದ್ದರು. ನಾನು ಹಬೆಯಲ್ಲಿ ಬೇಯಿಸಿದ ಸಾನ್ನದ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಚಳಿಗಾಲವಾದ್ದರಿಂದ ಕಿಟಕಿ ಇಳಿಸಿದ್ದೆವು. ಲುಸೈಲ್ ದಾಟುವಾಗ ರಸ್ತೆ ಬದಿಯ ರೇಸ್ ಸರ್ಕ್ಯೂಟಿನ ಕಡೆಯಿಂದ ಗಾಳಿ ಬೀಸಿತು. ಕಾದ ರಬ್ಬರು, ಸುಟ್ಟ ಬ್ರೇಕು, ಪೆಟ್ರೋಲು ಮೂರೂ ಬೆರೆತ ವಾಸನೆ. ಒಳಗೆ ಯಾರೋ ಪ್ರಾಕ್ಟೀಸ್ ಮಾಡುತ್ತಿದ್ದಿರಬೇಕು. ರಿಚರ್ಡ್ ವೇಗ ಕಡಿಮೆ ಮಾಡಿ, ಬಿರಿಯಾನಿಯ ಘಮ ಬಂದವರ ಹಾಗೆ ಉಸಿರು ಎಳೆದುಕೊಂಡರು. ನಾನು ಕಿಟಕಿ ಏರಿಸಿದೆ.

ಆ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಸಿಟ್ಟು. ಸಿಟ್ಟಿನ ಬೆನ್ನಿಗೇ ಮಿಸ್ಟರ್ ಡೆರೆಕ್ ಬರುತ್ತಾರೆ.

ಅವರು ನನ್ನ ಬಾಸ್. ದೊಡ್ಡ ಕಟ್ಟಡಗಳಿಗೆ ಎಸಿಯ ತಣ್ಣೀರು ಹರಿಸುವ ಪೈಪು, ಪಂಪುಗಳ ಲೆಕ್ಕ ಹಾಕಿಕೊಡುವ ಒಂದು ಸಣ್ಣ ಕನ್ಸಲ್ಟನ್ಸಿ ಅವರದು. ಅಲ್ಲಿ ನಾನು ಆಫೀಸ್ ಅಡ್ಮಿನ್. ನಾನು ಹೇಳುತ್ತಿರುವ ಆ ಚಳಿಗಾಲಕ್ಕೆ ಅವರಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಕುತ್ತಿಗೆ, ಏನು ಹೇಳಿದರೂ ಬೇಸರಿಸಿಕೊಳ್ಳದ ಮುಖ. ಬೇರೆ ಬ್ರಿಟಿಷರು ವಾರದ ರಜೆಯಲ್ಲಿ ಗಾಲ್ಫ್ ಆಡುತ್ತಾರೆ, ಸಮುದ್ರಕ್ಕೆ ಹೋಗುತ್ತಾರೆ. ಇವರು ರೇಸ್ ಓಡಿಸುತ್ತಿದ್ದರು. ಅದೂ ಒಂದು ಗಂಟೆಯಲ್ಲಿ ಮುಗಿಯುವಂಥದ್ದಲ್ಲ. ಆರು ಗಂಟೆ, ಹನ್ನೆರಡು ಗಂಟೆ, ಕೆಲವು ಕಡೆ ಇಡೀ ಹಗಲು ಇಡೀ ರಾತ್ರಿ ನಡೆಯುವ ಸ್ಪೋರ್ಟ್ಸ್ ಕಾರುಗಳ ರೇಸ್. ಒಂದೇ ಕಾರನ್ನು ಇಬ್ಬರೋ ಮೂವರೋ ಸರದಿಯ ಮೇಲೆ ಓಡಿಸಬೇಕು. ಅದರಲ್ಲಿ ಒಂದು ವಿಭಾಗ ಉಂಟು, ಸರದಿಯಲ್ಲಿ ಒಬ್ಬನಾದರೂ ವೃತ್ತಿಯವನಲ್ಲದ ಹವ್ಯಾಸಿ ಇರಲೇಬೇಕು ಅಂತ. ಆ ಹವ್ಯಾಸಿ ನಮ್ಮ ಮಿಸ್ಟರ್ ಡೆರೆಕ್.

ಇಪ್ಪತ್ತು ದಾಟಿದಾಗ ಶುರುಮಾಡಿದ್ದಂತೆ. ಇಂಗ್ಲೆಂಡಿನಲ್ಲಿ ಯುದ್ಧಕಾಲದ ಹಳೆ ವಿಮಾನ ನಿಲ್ದಾಣವೊಂದರ ಸುತ್ತ, ಸ್ನೇಹಿತನ ಕಾರು ಎರವಲು ತಂದು, ಮಳೆಯಲ್ಲಿ. ಆಮೇಲೆ ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಗಲ್ಫ್. ಹೆಂಡತಿ ಮೊದಮೊದಲು ಸ್ಟಾಪ್‌ವಾಚ್ ಹಿಡಿದು ಜೊತೆಗೆ ಹೋಗುತ್ತಿದ್ದರು, ನಂತರ ಮನೆಯಲ್ಲಿ ಉಳಿದರು, ನಂತರ ಮನೆಯನ್ನೇ ಇವರಿಂದ ಬೇರೆ ಮಾಡಿಕೊಂಡರು. ಇಷ್ಟೆಲ್ಲ ಆದರೂ ತಮ್ಮ ವಿಭಾಗದಲ್ಲಿ ಒಮ್ಮೆಯೂ ಗೆದ್ದವರಲ್ಲ. ಆಫೀಸಿನ ಕಪಾಟಿನಲ್ಲಿ ಗೆದ್ದ ಕಪ್ಪುಗಳ ಬದಲು ಮುರಿದ ಸಾಮಾನು ಜೋಡಿಸಿಟ್ಟಿದ್ದರು. ತುಂಡಾದ ಗೇರಿನ ಶಾಫ್ಟು, ಸೀಳಿದ ಪಿಸ್ಟನ್, ಕರಗಿ ವಕ್ರವಾದ ಒಂದು ಪಂಪು. ಬಂದವರಿಗೆಲ್ಲ ಒಂದೊಂದರ ಕಥೆ ಹೇಳುವುದು. ಇದು ಮುರಿಯದಿದ್ದರೆ ಆ ವರ್ಷ ಗೆಲುವು ನಮ್ಮದೇ ಅನ್ನುವುದು. ಧೂಳು ಒರೆಸುವ ನೇಪಾಳಿ ಹುಡುಗಿಗೂ ಆ ಕಥೆಗಳೆಲ್ಲ ಬಾಯಿಪಾಠ.

ಕೆಲಸಕ್ಕೆ ಸೇರಿದ ಒಂಬತ್ತು ವರ್ಷವೂ ನಾನು ಅದರಿಂದ ದೂರ ಇದ್ದೆ. ನನಗೆ ಕಾರು ಅಂದರೆ ಮೊದಲೇ ಆಗುವುದಿಲ್ಲ. ದೋಹಾದ ಡ್ರೈವಿಂಗ್ ಟೆಸ್ಟಿನಲ್ಲಿ ಎಷ್ಟು ಸಲ ಫೇಲಾಗಿದ್ದೇನೆಂದು ರಿಚರ್ಡ್‌ಗೆ ಮಾತ್ರ ಗೊತ್ತು. ಅಂಥ ನನ್ನನ್ನು ಆ ಅಕ್ಟೋಬರಿನಲ್ಲಿ ಮಿಸ್ಟರ್ ಡೆರೆಕ್ ಕರೆದು, ಇಂಗ್ಲೆಂಡಿನಲ್ಲಿ ಟೀಮಿನ ವ್ಯವಸ್ಥೆ ನೋಡುತ್ತಿದ್ದಾಕೆ ಕೆಲಸ ಬಿಟ್ಟಿದ್ದಾಳೆ, ಈ ಸಲ ದೊಡ್ಡ ರೇಸ್ ಲುಸೈಲಿನಲ್ಲೇ ಇದೆ, ಹೇಗೂ ನೀನು ಇಲ್ಲೇ ಇದ್ದೀಯಲ್ಲ, ನಾಲ್ಕು ಇಮೇಲ್ ಅಷ್ಟೆ ಅಂದರು. ನಾನು ಹೂಂ ಅಂದೆ. ಮರುದಿನ ನೋಡಿದರೆ ರೇಸಿನವರ ಕಾಗದಗಳಲ್ಲಿ ಟೀಮ್ ಮ್ಯಾನೇಜರ್ ಅಂತ ನನ್ನ ಹೆಸರು. ಫ್ಲಾವಿಯಾ ಡಿಸೋಜ, ಶಿರ್ವದವಳು, ಕಾರು ಓಡಿಸಲು ಬಾರದವಳು.

ನಾಲ್ಕು ಇಮೇಲಂತೆ! ಇಂಗ್ಲೆಂಡಿನಿಂದ ಬರುವ ಮೆಕ್ಯಾನಿಕ್‌ಗಳ ವೀಸಾ, ಹೋಟೆಲು, ಅವರಲ್ಲಿ ಒಬ್ಬನಿಗೆ ಕಡಲೆಕಾಯಿ ಆಗದು, ಇನ್ನೊಬ್ಬನಿಗೆ ಹಾಲು ಆಗದು. ಕಾರು ಹಡಗಿನಲ್ಲಿ ಬಂದು ಬಂದರಿನಲ್ಲಿ ಕೂತಿತು. ಬಿಡಿಸಲು ಹೋದರೆ ಅಲ್ಲಿದ್ದ ಕಸ್ಟಮ್ಸಿನವನು ಇದು ಮಾರಾಟಕ್ಕಾ ಅಂತ ಕೇಳಿದ. ಅಲ್ಲ ಅಂದೆ. ಮ್ಯೂಸಿಯಮ್ಮಿಗಾ ಅಂದ. ಅಲ್ಲ, ನಮ್ಮ ಬಾಸ್ ಓಡಿಸಲಿಕ್ಕೆ ಅಂದೆ. ಅವನು ಪಾಸ್‌ಪೋರ್ಟ್ ಕಾಪಿಯಲ್ಲಿ ಬಾಸ್‌ನ ವಯಸ್ಸು ನೋಡಿದ, ನನ್ನ ಮುಖ ನೋಡಿದ, 'ಬುಕ್ರಾ' ಅಂದ. ನಾಳೆ ಬಾ ಅಂತ. ಆ ನಾಳೆ ವಾರಗಟ್ಟಲೆ ಹೋಯಿತು. ಅಷ್ಟರಲ್ಲಿ ಇಲ್ಲಿ ಮಿಸ್ಟರ್ ಡೆರೆಕ್, ಏನಾಯಿತು ಅಂತ ಒಮ್ಮೆ ಕೇಳಿ, ನಾನು ಅರ್ಧ ಗಂಟೆ ಕಷ್ಟ ಹೇಳಿಕೊಂಡರೆ, 'ಲವ್ಲಿ, ಥ್ಯಾಂಕ್ಯೂ ಫ್ಲಾವಿಯಾ' ಅನ್ನುತ್ತಿದ್ದರು. ಇದರಲ್ಲಿ ಲವ್ಲಿ ಎಂಥದ್ದು ಮಾರಾಯ್ರೆ ಅಂತ ನಾನು ಮನೆಗೆ ಬಂದು ರಿಚರ್ಡ್ ಮೇಲೆ ಕೂಗಾಡುತ್ತಿದ್ದೆ.

ನವೆಂಬರಿನಿಂದ ಶುಕ್ರವಾರಗಳು ಹೋದವು. ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮಗೆ ಚರ್ಚಿನ ಪೂಜೆಯೂ ಅವತ್ತೇ. ಪೂಜೆ ಮುಗಿಸಿ, ಕೊಯರ್‌ನ ಹಾಡಿನ ಪ್ರಾಕ್ಟೀಸ್ ಮುಗಿಸಿ, ಊರಿನವರೊಂದಿಗೆ ನಾಲ್ಕು ಮಾತಾಡಿ ಬರುವುದು ನನ್ನ ವಾರದ ಉಸಿರು. ಅದನ್ನು ಬಿಟ್ಟು ಬೆಳಗಿನ ದಟ್ಟ ಮಂಜಿನಲ್ಲಿ ರೇಸಿನ ಪ್ರಾಕ್ಟೀಸಿಗೆ ಲುಸೈಲಿಗೆ ಹೋಗಬೇಕು. ಕರೆದುಕೊಂಡು ಹೋಗುವವರು ಮಿಸ್ಟರ್ ಡೆರೆಕ್ಕೇ. ರೇಸ್ ಓಡಿಸುವ ಈ ಮನುಷ್ಯ ರಸ್ತೆಯಲ್ಲಿ ಮದುವೆ ದಿಬ್ಬಣದ ಹಾಗೆ ಹೋಗುವವರು. ಹಿಂದಿನಿಂದ ಲ್ಯಾಂಡ್ ಕ್ರೂಸರ್‌ಗಳು ಮೂತಿ ತಾಗಿಸುವಷ್ಟು ಹತ್ತಿರ ಬಂದು ಲೈಟು ಮಿನುಗಿಸಿ ಹಾರ್ನ್ ಹೊಡೆದರೂ ಇವರಿಗೆ ಏನೂ ಇಲ್ಲ. ಎಷ್ಟು ತಾಳ್ಮೆ ಅಂತ ನಾನು ಆಗ ಅಂದುಕೊಂಡಿದ್ದೆ.

ಟೀಮಿನಲ್ಲಿ ಮುಖ್ಯ ಇಬ್ಬರು. ಒಬ್ಬರು ಗ್ಯಾವಿನ್, ಎಂಜಿನಿಯರ್, ಸ್ಕಾಟ್ಲೆಂಡಿನವರು. ರೇಸ್ ನಡೆಯುವಾಗ, ಪೆಟ್ರೋಲು ಟಯರಿಗೆಂದು ಕಾರು ಬಂದು ನಿಲ್ಲುವ ಪಿಟ್‌ನಲ್ಲಿ ನಿಂತು ರೇಡಿಯೋದಲ್ಲಿ ಡ್ರೈವರ್‌ಗೆ ಸೂಚನೆ ಕೊಡುವುದು ಅವರ ಕೆಲಸ. ಅವರ ಇಂಗ್ಲಿಷ್ ಬಾಯೊಳಗೇ ಅರ್ಧ ನುಂಗಿ ಹೋಗುತ್ತಿತ್ತು. ಇನ್ನೊಬ್ಬ ಮಾರ್ಕೊ, ಇಟಲಿಯವನು, ಹೊಟ್ಟೆಪಾಡಿಗೇ ರೇಸ್ ಓಡಿಸುವವನು, ಮಿಸ್ಟರ್ ಡೆರೆಕ್‌ರ ಜೊತೆಗಾರ. ಮಾರ್ಕೊ ಮುಂದೆ ತಂದ ಕಾರನ್ನು ಇವರು ಹಿಂದೆ ತರುತ್ತಿದ್ದರು, ಮತ್ತೆ ಅವನು ಮುಂದೆ ತರುತ್ತಿದ್ದ.

ಡಿಸೆಂಬರಿನ ಒಂದು ಶುಕ್ರವಾರ ಎಲ್ಲರಿಗೂ ಊಟ ತಂದು ಪಿಟ್‌ನಲ್ಲಿ ನಿಂತಿದ್ದೆ. ಶಬ್ದ ತಡೆಯಲಾರದೆ ಅಲ್ಲಿದ್ದ ಒಂದು ಹೆಡ್‌ಸೆಟ್ ಕಿವಿಗೆ ಹಾಕಿಕೊಂಡೆ. ಗ್ಯಾವಿನ್ ಮಾತು ಕೇಳಿಸಿತು. ಈ ಸುತ್ತಿಗೆ ಒಳಗೆ ಬಾ ಅನ್ನುತ್ತಿದ್ದರು. 'ಕಾಪಿ' ಅಂದರು ಮಿಸ್ಟರ್ ಡೆರೆಕ್, ಅಂದರೆ ಕೇಳಿಸಿತು, ಹಾಗೇ ಮಾಡುತ್ತೇನೆ ಅಂತ. ಎಲ್ಲರೂ ಟಯರ್ ಹಿಡಿದು ಸಿದ್ಧರಾದರು. ಕಾರು ಬಂದು, ಪಿಟ್‌ನ ದಾರಿಗೆ ತಿರುಗದೆ, ನಮ್ಮ ಕಣ್ಣೆದುರೇ ಭರ್ರನೆ ಮುಂದೆ ಹೋಯಿತು. ಗ್ಯಾವಿನ್ ಮತ್ತೆ ಹೇಳಿದರು. ಮತ್ತೆ 'ಕಾಪಿ.' ಮತ್ತೆ ಕಾರು ಮುಂದೆ.

ಗ್ಯಾವಿನ್ ಕೈಯಲ್ಲಿದ್ದ ಪೆನ್ನು ಎಸೆದರು. ಯಾವಾಗಲೂ ಹೀಗೇ ಅಂದರು. ಒಂದು ವರ್ಷ ಹೀಗೇ ಬಾ ಬಾ ಅಂದರೂ ಬರದೆ ಪೆಟ್ರೋಲ್ ಖಾಲಿಯಾಗಿ ನಡುದಾರಿಯಲ್ಲಿ ನಿಂತದ್ದು, ಇನ್ನೊಂದು ವರ್ಷ ಎಂಜಿನ್ ಕಾದಿದೆ ನಿಧಾನಿಸು ಅಂದರೆ ಜೋರು ಮಾಡಿ ಸುಟ್ಟುಹಾಕಿದ್ದು, ಎಲ್ಲ ಹೇಳಿದರು. ಹಟಮಾರಿ ಮುದುಕ ಅಂದರು. ನಾನು ಕೇಳುತ್ತಾ ನಿಂತೆ. ಆಫೀಸಿನ ಕಪಾಟು ಕಣ್ಣ ಮುಂದೆ ಬಂತು. ಪೆಟ್ರೋಲ್ ಖಾಲಿಯಾದ ಕಥೆ ಅಲ್ಲಿ ಕೆಟ್ಟುಹೋದ ಪಂಪಿನ ಕಥೆಯಾಗಿತ್ತು. ಸೀಳಿದ ಪಿಸ್ಟನ್ ಕಳಪೆ ಲೋಹದ ಕಥೆಯಾಗಿತ್ತು.

ಹಟ ಅಂತ ನನಗೆ ಅನ್ನಿಸಲಿಲ್ಲ. ಅದರ ಹಿಂದಿನ ವಾರವಷ್ಟೇ ನಮ್ಮ ಪ್ಯಾಂಟ್ರಿಯಲ್ಲಿ ಮೈಕ್ರೋವೇವ್‌ನಿಂದ ಹೊಗೆ ಎದ್ದು, ನಾನು ಅವರ ಬಾಗಿಲಲ್ಲಿ ನಿಂತು ಬೆಂಕಿ ಅಂದಿದ್ದೆ. ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ ಲವ್ಲಿ ಅಂದಿದ್ದರು.

ಭಾನುವಾರ ಬೆಳಿಗ್ಗೆ ಅವರ ಕೋಣೆಗೆ ಹೋದೆ. ಕಿಟಕಿಯ ಕಡೆ ಮುಖ ಮಾಡಿ ಕೊಲ್ಲಿಯ ನೀರು ನೋಡುತ್ತಾ ಚಹಾ ಕುಡಿಯುತ್ತಿದ್ದರು. ಬಾಗಿಲ ಹತ್ತಿರವೇ ನಿಂತು, ಎಂದಿನ ಸ್ವರದಲ್ಲಿ, 'ಮಿಸ್ಟರ್ ಡೆರೆಕ್, ನಾನು ನಾಳೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂದೆ.

'ಲವ್ಲಿ. ಥ್ಯಾಂಕ್ಯೂ, ಫ್ಲಾವಿಯಾ.'

ಬಾಗಿಲು ಹಾಕಿಕೊಂಡು ಎದುರಿಗೆ ಹೋಗಿ ಕೂತೆ. ನನ್ನ ಮುಖ ಕಾಣುವ ಹಾಗೆ ಅದೇ ಮಾತನ್ನು ಮತ್ತೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು. ಕೆಂಪು ಕುತ್ತಿಗೆ ಇನ್ನೂ ಕೆಂಪಾಯಿತು. ನಾನು ಕೆಲಸ ಬಿಡುವುದಿಲ್ಲ, ಆದರೆ ನಿಮಗೆ ಎಷ್ಟು ಸಮಯದಿಂದ ಕಿವಿ ಕೇಳಿಸುವುದಿಲ್ಲ ಅಂತ ಕೇಳಿದೆ. ಅವರು ಎದ್ದು, ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ನೋಡಿ ಬಂದರು. ಆಮೇಲೆ, ಶಬ್ದ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ ಅಂದರು. ಮೊದಲ ವರ್ಷಗಳಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಸುತ್ತಿದ್ದರಂತೆ, ಕೆಲವೊಮ್ಮೆ ಅದೂ ಇಲ್ಲ. ನಲವತ್ತು ದಾಟುವಾಗಲೇ ರೇಡಿಯೋದ ಮಾತು ಕಲಸಿಹೋಗತೊಡಗಿತು. ಯಾರಿಗೂ ಹೇಳಲಿಲ್ಲ.

ಯಾಕೆ ಅಂತ ಕೇಳಿದೆ. ಸಿಟ್ಟು ಬಂದಿತ್ತು, ಸ್ವರ ಏರಿತ್ತು.

'ನಾನು ಆ ಕಾರಿನಲ್ಲಿ ಹೇಗೂ ಎಲ್ಲರಿಗಿಂತ ನಿಧಾನ, ಫ್ಲಾವಿಯಾ. ನಿಧಾನದವನನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ. ನಿಧಾನವೂ ಕಿವುಡೂ ಆದವನನ್ನು ಯಾರು ಸೇರಿಸಿಕೊಳ್ಳುತ್ತಾರೆ?'

ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇಪ್ಪತ್ತು ವರ್ಷ ಈ ಮನುಷ್ಯ ಕಾಪಿ ಕಾಪಿ ಅನ್ನುತ್ತಾ, ಏನು ಹೇಳಿದರೆಂದು ತಿಳಿಯದೆ, ಬೆಂಕಿಯಂಥ ವೇಗದಲ್ಲಿ ಕಾರು ಓಡಿಸಿದ್ದಾರೆ. ತನಗೆ ಏನಾದರೂ ಆಗಲಿ, ಟ್ರ್ಯಾಕಿನಲ್ಲಿ ಬೇರೆಯವರೂ ಇರುತ್ತಾರಲ್ಲ. ಈಗ ನನ್ನ ಹೆಸರು ಟೀಮ್ ಮ್ಯಾನೇಜರ್ ಅಂತ ಬೇರೆ ಇದೆ. ಕಿವಿಯ ಡಾಕ್ಟರ ಹತ್ತಿರ ಬಾರದಿದ್ದರೆ ಗ್ಯಾವಿನ್‌ಗೆ ನಾನೇ ಹೇಳುತ್ತೇನೆ ಅಂದೆ. ಬರುತ್ತೇನೆ ಅಂದರು. ಬರಲಿಲ್ಲ. ಸೈಟ್ ಮೀಟಿಂಗ್ ಅಂದರು, ತಲೆನೋವು ಅಂದರು, ಇಂಗ್ಲೆಂಡಿಗೆ ಹೋಗಿಬಂದ ಮೇಲೆ ಅಂದರು. ಕೊನೆಗೆ ಜನವರಿಯಲ್ಲಿ ಒಂದು ದಿನ, ಹೊಸ ಕ್ಲೈಂಟ್ ಭೇಟಿ ಅಂತ ಹೇಳಿ ಟ್ಯಾಕ್ಸಿಯಲ್ಲಿ ಕೂರಿಸಿ ಕ್ಲಿನಿಕ್ಕಿನ ಎದುರು ಇಳಿಸಿದೆ. ಬೋರ್ಡ್ ಓದಿ ನನ್ನನ್ನು ನೋಡಿದರು. ನಾನು ಲಿಫ್ಟಿನ ಬಟನ್ ಒತ್ತಿ ನಿಂತಿದ್ದೆ.

ಡಾಕ್ಟರಮ್ಮ ಮಲಯಾಳಿ. ಕಿವಿಗೆ ಏನೇನೋ ಹಾಕಿ ಪರೀಕ್ಷೆ ಮಾಡಿದರು. ತೆಳುವಾದ ಸ್ವರಗಳು ಪೂರ್ತಿ ಹೋಗಿವೆ, ದಪ್ಪ ಸ್ವರ ಇನ್ನೂ ಉಳಿದಿದೆ, ಕಿವಿಗೆ ಮಷೀನು ಹಾಕಿಕೊಂಡರೆ ಸುಧಾರಿಸುತ್ತದೆ ಅಂದರು. ರೇಸಿನ ಬಗ್ಗೆ ಇವರು ಹೆದರಿ ಹೆದರಿ ಕೇಳಿದರು. ಮುಚ್ಚಿಡಬೇಡಿ, ರೇಸಿನ ಡಾಕ್ಟರಿಗೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ, ಕಿವಿ ಕೇಳದವರೂ ರೇಸ್ ಓಡಿಸುತ್ತಾರೆ ಅಂದರು ಅವರು. ಅಷ್ಟೆ. ಅಷ್ಟಕ್ಕೆ ಇಪ್ಪತ್ತು ವರ್ಷ ಮುಚ್ಚಿಟ್ಟದ್ದು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಪ್ಪಿಗೆ ಸಿಕ್ಕಿತು. ಆದರೆ ಮಷೀನು ಬೇಡ ಅಂದರು ಮಿಸ್ಟರ್ ಡೆರೆಕ್, ಅದು ಮುದುಕರಿಗೆ ಅಂತ.

ಗ್ಯಾವಿನ್‌ಗೆ ಹೇಳಿದ್ದು ಗ್ಯಾರೇಜಿನಲ್ಲಿ, ಎಲ್ಲರ ಎದುರಿಗೆ. ಮಿಸ್ಟರ್ ಡೆರೆಕ್ ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು ತಾವೇ ಹೇಳಿದರು. ನಾನು ದೊಡ್ಡ ಜಗಳ ಆಗುತ್ತದೆ ಅಂದುಕೊಂಡಿದ್ದೆ. ಗ್ಯಾವಿನ್ ಟಯರ್ ರಾಶಿಯ ಮೇಲೆ ಕೂತರು.

'ಹಾಗಾದರೆ ನಾನು ಇಷ್ಟು ವರ್ಷ ರೇಡಿಯೋದಲ್ಲಿ ಬೈದದ್ದು ಯಾವುದೂ ನಿಮಗೆ ಕೇಳಿಸಿಲ್ಲ?'

'ಒಂದೂ ಇಲ್ಲ.'

'ಒಳ್ಳೆಯದಾಯಿತು' ಅಂದರು ಗ್ಯಾವಿನ್. ಮಾರ್ಕೊ ಹೊರಗೆ ಹೋಗಿ ನಗುವುದು ಕೇಳಿಸಿತು.

ಆಮೇಲೆ ಪೇಚಿಗೆ ಬಿದ್ದವಳು ನಾನು. ನನ್ನ ಸ್ವರ ದಪ್ಪ. ಶಿರ್ವದ ಇಗರ್ಜಿಯ ಕೊಯರ್‌ನಲ್ಲಿ ಹುಡುಗಿಯರ ಸಾಲಿನಿಂದ ತೆಗೆದು ಗಂಡಸರ ಪಕ್ಕ ನಿಲ್ಲಿಸಿದ್ದರು. ಇಲ್ಲಿ ಈಗಲೂ ಫೋನ್ ಎತ್ತಿದರೆ ಆಚೆಯವರು ಯೆಸ್ ಸರ್ ಅನ್ನುತ್ತಾರೆ. ಡಾಕ್ಟರಮ್ಮ ಹೇಳಿದ್ದನ್ನು ಕೇಳಿದ ಕೂಡಲೇ ಗ್ಯಾವಿನ್ ನನ್ನ ಕಡೆ ತಿರುಗಿದರು, ಬಾಗಿಲಿನಿಂದ ಹೇಳಿದ್ದು ದಾಟದಿದ್ದರೂ ಹೆಲ್ಮೆಟ್ಟಿನೊಳಗೆ ಕಿವಿಗೇ ಬಿದ್ದರೆ ಈ ದಪ್ಪ ಸ್ವರ ತಿಳಿದೀತು ಅಂತ. ನಾನು ಬೇಡ ಅಂದೆ. ಈಸ್ಟರಿಗೆ ಮೊದಲಿನ ತಪಸ್ಸು ಕಾಲ, ಕೊಯರ್ ಇದೆ, ನನಗೆ ಬಲಗಡೆ ತಿರುಗುವುದೂ ತಿಳಿಯದು ಅಂದೆ. ಹೆಡ್‌ಸೆಟ್ ತಲೆಗೆ ಹಾಕಿಯೇ ಬಿಟ್ಟರು. ಗ್ಯಾವಿನ್ ಹೇಳಬೇಕು, ಅದನ್ನು ನಾನು ರೇಡಿಯೋದಲ್ಲಿ ಹೇಳಬೇಕು, ಅಷ್ಟೇ ಅಂದರು. ಮೊದಲ ಸಲ 'ಮಿಸ್ಟರ್ ಡೆರೆಕ್, ಕೇಳಿಸುತ್ತದಾ?' ಅಂದೆ. 'ಅಯ್ಯೋ ದೇವರೇ, ಫ್ಲಾವಿಯಾ, ಆಫೀಸಿನಲ್ಲಿದ್ದ ಹಾಗೇ ಉಂಟು' ಅಂದರು.

ಎಲ್ಲ ಪದಗಳೂ ತಿಳಿಯುತ್ತಿರಲಿಲ್ಲ. ತಿಳಿಯುವಂಥ ಪದ ಹುಡುಕಬೇಕಾಯಿತು. ಅದಕ್ಕೆ ರಿಚರ್ಡ್ ಬಂದರು. ಅಷ್ಟರೊಳಗೆ ಅವರಿಗೂ ಹುಚ್ಚು ಹತ್ತಿತ್ತು. ತಮ್ಮ ಫ್ಯಾಕ್ಟರಿ ಕೆಲಸದಿಂದ ಬಂದವರು ಚಹಾ ಕೂಡ ಕುಡಿಯದೆ, ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ತಾವು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟು, ಕಿವಿಗೆ ಹತ್ತಿ ತುರುಕಿಕೊಂಡು, ಫೋನಿನಲ್ಲಿ ಯಾವ ಪದ ಚೆನ್ನಾಗಿ ದಾಟುತ್ತದೆಂದು ಪರೀಕ್ಷೆ ಮಾಡುವರು. ಮೀನಿನ ಸಾರು ತಳ ಹಿಡಿಯುತ್ತಿರುವಾಗ ನಾನು ಫೋನಿಗೆ ಇಂಗ್ಲಿಷಿನಲ್ಲಿ ಗೋ, ವೇಟ್, ಹೋಮ್ ಅನ್ನುತ್ತಾ ನಿಂತಿರುತ್ತಿದ್ದೆ. 'ಹೋಮ್' ಎಲ್ಲಕ್ಕಿಂತ ಚೆನ್ನಾಗಿ ದಾಟಿತು. ಪಿಟ್‌ಗೆ ಬಾ ಅನ್ನುವುದಕ್ಕೆ ಅದೇ ಪದ ಅಂತ ಗೊತ್ತುಮಾಡಿಕೊಂಡೆವು. ಪಕ್ಕದ ಮನೆಯ ಬ್ಯಾರಿ ಹೆಂಗಸು, ಒಳ್ಳೆಯವರು, ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, ಊರಿಗೆ ಹೋಗಬೇಕು ಅಂತ ಅಷ್ಟು ಆಸೆ ಇದ್ದರೆ ಗಂಡನ ಹತ್ತಿರ ಸಮಾಧಾನದಲ್ಲಿ ಮಾತಾಡಿ ಅಂತ ನನಗೆ ಬುದ್ಧಿ ಹೇಳಿದರು.

ರೇಸ್ ಮಾರ್ಚಿನಲ್ಲಿ. ಆರು ಗಂಟೆಯದ್ದು, ಮಧ್ಯಾಹ್ನಕ್ಕೆ ಮುಂಚೆ ಶುರುವಾಗಿ ಸೂರ್ಯ ಮುಳುಗುವಾಗಿನ ನಮಾಜು ಮಗ್ರಿಬ್‌ಗೆ ಮೊದಲೇ ಮುಗಿಯುವಂಥದ್ದು. ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ಕಾಣುತ್ತಿರಲಿಲ್ಲ. ಶಮಾಲ್ ಗಾಳಿ ಎದ್ದು ಎಲ್ಲ ಕಡೆ ಧೂಳು. ಹಲ್ಲಿನ ನಡುವೆ ಮರಳು, ಕಾಗದದ ಮೇಲೆ ಮರಳು, ಕಷ್ಟಪಟ್ಟು ತಂದಿದ್ದ ಸ್ಯಾಂಡ್‌ವಿಚ್ಚಿನೊಳಗೂ ಮರಳು. ರೇಸ್ ಮುಂದೆ ಹಾಕುತ್ತಾರೆ ಅಂತ ನನಗೆ ಸಣ್ಣ ಆಸೆ ಇತ್ತು. ಹಾಕಲಿಲ್ಲ.

ಮೊದಲು ಮಾರ್ಕೊ, ಆಮೇಲೆ ಮಿಸ್ಟರ್ ಡೆರೆಕ್, ಮತ್ತೆ ಮಾರ್ಕೊ, ಮತ್ತೆ ಇವರು, ಕೊನೆಗೆ ಮಾರ್ಕೊ ಅಂತ ಸರದಿ. ಇವರ ಮೊದಲ ಸರದಿಯಲ್ಲಿ ಗ್ಯಾವಿನ್ ಹೇಳಿದ್ದನ್ನು ನಾನು ಪದಕ್ಕೆ ಪದ ಒಪ್ಪಿಸಿದೆ. ಹಿಂದೆ ವೇಗದ ಕಾರು ಬರುತ್ತಿದೆ, ದಾರಿ ಬಿಡಿ ಅಂದರೆ ಬಿಟ್ಟರು. ನಿಧಾನಿಸಿ ಅಂದರೆ ನಿಧಾನಿಸಿದರು. ಹೋಮ್ ಅಂದರೆ ಬಂದರು. ಗ್ಯಾವಿನ್ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಒಂಬತ್ತು ವರ್ಷ ಆಫೀಸಿನಲ್ಲಿ ಹೇಳಿದ ಒಂದು ಮಾತನ್ನೂ ಕೇಳದವರು ಇಲ್ಲಿ ಹೇಳಿದ್ದೆಲ್ಲ ಕೇಳುತ್ತಿದ್ದಾರಲ್ಲ ಅಂತ ನನಗೆ ಅದರಲ್ಲೂ ಸಿಟ್ಟು.

ಎರಡನೆಯ ಸರದಿಯಲ್ಲಿ ಗಾಳಿ ಇನ್ನೂ ಜೋರಾಯಿತು. ತಿರುವುಗಳಲ್ಲಿ ಮರಳು ಹರಡಿ ದಾರಿ ಜಾರತೊಡಗಿತು. ಚುರುಕಿನವರು ಒಬ್ಬೊಬ್ಬರಾಗಿ ಜಾರಿದರು. ನಮ್ಮ ವಿಭಾಗದಲ್ಲಿ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ತಾಗಿ ಮರಳಿಗೆ ಹೋದರು. ಮಿಸ್ಟರ್ ಡೆರೆಕ್ ಮಾತ್ರ ದೋಹಾ ರಸ್ತೆಯಲ್ಲಿ ಹೋಗುವವರ ಹಾಗೆ ಒಂದೇ ಸಮ ಬಂದರು, ಹೋದರು, ಬಂದರು. ಎದುರಿನ ಪರದೆಯಲ್ಲಿ ನಮ್ಮ ಕಾರಿನ ನಂಬರು ಮೇಲೆ ಏರುತ್ತಾ ಏರುತ್ತಾ ವಿಭಾಗದ ತುದಿಗೆ ಹೋಗಿ ನಿಂತಿತು.

ಪಿಟ್‌ನಲ್ಲಿ ಎಲ್ಲರೂ ಪರದೆಯ ಹತ್ತಿರ ಬಂದು ನಿಂತರು. ಅವರಿಗೆ ಹೇಳಬೇಡ ಅಂದರು ಗ್ಯಾವಿನ್. ಗೊತ್ತಾದರೆ ತಲೆ ನಿಲ್ಲುವುದಿಲ್ಲ ಅಂದರು. ನನಗೂ ತಿಳಿಯಿತು, ಸರಿ ಅಂದೆ. ಆದರೆ ಇಷ್ಟು ವರ್ಷ ಈ ಮನುಷ್ಯ ಇದನ್ನು ಕೇಳಲಿಕ್ಕೆ ತಾನೇ ದೇಶ ದೇಶ ಅಲೆದದ್ದು, ಹೆಂಡತಿ ಮನೆ ಎಲ್ಲ ಬಿಟ್ಟದ್ದು? ಈಗ ಕೇಳಿಸುವ ಒಂದು ದಾರಿ ಆಗಿದೆ, ಈಗ ಹೇಳದಿದ್ದರೆ ಇನ್ನು ಯಾವಾಗ? ಎರಡು ಸುತ್ತು ಸುಮ್ಮನಿದ್ದೆ. ಮೂರನೆಯ ಸುತ್ತಿಗೆ ಗುಂಡಿ ಒತ್ತಿದೆ.

'ಮಿಸ್ಟರ್ ಡೆರೆಕ್. ನೀವು ಮೊದಲು.'

ಗ್ಯಾವಿನ್ ನನ್ನನ್ನು ತಿನ್ನುವ ಹಾಗೆ ನೋಡಿದರು. ಆಮೇಲೆ ರೇಡಿಯೋದಲ್ಲಿ ಬರೀ ಉಸಿರಾಟ ಕೇಳಿಸಿತು. 'ಇನ್ನೊಮ್ಮೆ ಹೇಳು' ಅಂದರು ಮಿಸ್ಟರ್ ಡೆರೆಕ್. ನಾನು ಇನ್ನೊಮ್ಮೆ ಹೇಳಿದೆ.

ಪೆಟ್ರೋಲ್ ಮುಗಿಯುವ ಹೊತ್ತು ಬಂತು. ಮಾರ್ಕೊ ಹೆಲ್ಮೆಟ್ ಹಾಕಿ ನಿಂತ. ಗ್ಯಾವಿನ್ ತಲೆಯಾಡಿಸಿದರು. ನಾನು ಹೋಮ್ ಅಂದೆ. ಕಾರು ಮುಂದೆ ಹೋಯಿತು. ಮತ್ತೆ ಹೋಮ್ ಅಂದೆ.

'ಕೇಳಿಸಲಿಲ್ಲ' ಅಂದರು ಮಿಸ್ಟರ್ ಡೆರೆಕ್.

ಕೇಳಿಸಿತ್ತು. ಅದು ನನಗೆ ಗೊತ್ತಾಯಿತು. ನಿಜವಾಗಿ ಕೇಳಿಸದಾಗ ಆ ಮನುಷ್ಯ ಯಾವತ್ತೂ ಕೇಳಿಸಲಿಲ್ಲ ಅಂದವರೇ ಅಲ್ಲ. ಗ್ಯಾವಿನ್ ನನ್ನ ಮುಖ ನೋಡಿದರು, ಮಾರ್ಕೊ ನೋಡಿದ, ಟಯರ್ ಹಿಡಿದು ನಿಂತವರೆಲ್ಲ ನೋಡಿದರು. ಪಾಪ, ಕಿವಿ ಕೇಳಿಸಿಲ್ಲ ಅಂತ ನಾನು ಅಂದರೆ ಅವರಿಗೆ ಇನ್ನೊಂದು ಸುತ್ತು ಸಿಗುತ್ತಿತ್ತು. ಇನ್ನೊಂದು ಸುತ್ತು ಮೊದಲಿಗರಾಗಿ ಓಡುತ್ತಿದ್ದರು. ಕೊಡಬೇಕು ಅಂತ ಅನ್ನಿಸಿತು ಕೂಡ. ಆದರೆ ಇಪ್ಪತ್ತು ವರ್ಷ ಹಾಳಾದದ್ದು ಇಂಥದ್ದೇ ಒಂದು ಸುಳ್ಳಿನಿಂದ ಅಲ್ವಾ?

'ಮಿಸ್ಟರ್ ಡೆರೆಕ್, ನಿಮಗೆ ಕೇಳಿಸಿದೆ' ಅಂದೆ. 'ಸುಮ್ಮನೆ ಒಳಗೆ ಬನ್ನಿ.'

ಆ ಸುತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಯ ತಿರುವಿನಲ್ಲಿ ಧೂಳಿನೊಳಗಿಂದ ಕಾರು ಕಾಣಿಸಿತು. 'ಯೆಸ್, ಫ್ಲಾವಿಯಾ' ಅಂತ ಕೇಳಿಸಿತು. ಕಾರು ಪಿಟ್‌ನ ದಾರಿಗೆ ತಿರುಗಿತು.

ಮಾರ್ಕೊ ಮೊದಲಿಗನಾಗಿಯೇ ಹೊರಗೆ ಹೋದ. ಎಲ್ಲ ಸರಿಯಾಗಿ ಮುಗಿದಿದ್ದರೆ ಈ ಕಥೆಯನ್ನು ಮಿಸ್ಟರ್ ಡೆರೆಕ್ ಹೇಳುತ್ತಿದ್ದರು, ನಾನಲ್ಲ. ರೇಸ್ ಮುಗಿಯಲು ಇನ್ನು ಸ್ವಲ್ಪವೇ ಇರುವಾಗ ಮೇಲಿನ ವಿಭಾಗದ ಒಂದು ಕಾರು ದಾಟಿಹೋಗುವ ಅವಸರದಲ್ಲಿ ಮರಳಿನಲ್ಲಿ ಜಾರಿ ಮಾರ್ಕೊನ ಬದಿಗೆ ಬಂದು ಗುದ್ದಿತು. ಮಾರ್ಕೊಗೆ ಏನೂ ಆಗಲಿಲ್ಲ. ಮುಂದಿನ ಚಕ್ರ ಅಡ್ಡವಾಯಿತು. ಖಲಾಸ್.

ಮಿಸ್ಟರ್ ಡೆರೆಕ್ ಗ್ಯಾರೇಜಿನ ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಬೆವರಿನಿಂದ ಬಟ್ಟೆ ಮೈಗೆ ಅಂಟಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಗ್ಯಾವಿನ್ ಒಬ್ಬರೇ ಹೋಗಿ ಅವರ ಮುಖಕ್ಕೆ ನೇರವಾಗಿ ಬಗ್ಗಿ, ಇನ್ನೊಂದು ಸುತ್ತಿಗೆ ಸಾಕಾಗುವಷ್ಟು ಪೆಟ್ರೋಲ್ ಇರಲಿಲ್ಲ, ಬಂದದ್ದು ಸರಿಯಾಯಿತು ಅಂದರು. ಇವರು ತಲೆಯಾಡಿಸಿದರು. ನಾನು ನೀರಿನ ಬಾಟಲಿ ಹಿಡಿದು ಹೋದೆ. ಬೈಯಲಿ ಅಂತಲೇ ಹೋದೆ. ಬೈದಿದ್ದರೆ ನನಗೂ ಒಳಗಿದ್ದದ್ದೆಲ್ಲ ಹೊರಗೆ ಹಾಕಲಿಕ್ಕೆ ಒಂದು ದಾರಿಯಾಗುತ್ತಿತ್ತು.

ಅವರು ಬಾಟಲಿ ತೆಗೆದುಕೊಂಡು, ಕುಡಿಯದೆ, ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

'ಎಷ್ಟು ಸುತ್ತು ನಾನು ಮೊದಲಿದ್ದೆ, ಫ್ಲಾವಿಯಾ?'

ನಾನು ಎಣಿಸಿರಲಿಲ್ಲ. ತುಂಬಾ ಅಂದೆ. ಅವರು ನಕ್ಕರು. ಅಷ್ಟು ವರ್ಷಗಳಲ್ಲಿ ಅವರ ಆ ನಗು ನಾನು ನೋಡಿರಲಿಲ್ಲ. ನಾನು ಹೊರಗೆ ಬಂದು, ರೇಸ್ ನೋಡಲು ಬಂದಿದ್ದ ರಿಚರ್ಡ್‌ರ ಹೆಗಲಿಗೆ ಮುಖ ಒತ್ತಿ ಅತ್ತೆ, ಯಾರಾದರೂ ನೋಡಿದರೆ ಕಣ್ಣಿಗೆ ಮರಳು ಬಿತ್ತು ಅನ್ನಬಹುದಲ್ಲ ಅಂತ ಧೈರ್ಯವಿತ್ತು.

ಅದರ ನಂತರ ಮಿಸ್ಟರ್ ಡೆರೆಕ್ ಸಾಕು ಅಂದರು. ಇನ್ನು ರೇಸ್ ಇಲ್ಲ ಅಂದರು. ನಾವು ಆಫೀಸಿನಲ್ಲಿ ಕೇಕ್ ತಂದು ಕತ್ತರಿಸಿದೆವು. ನಾನು ಸಂತೋಷದಿಂದ ಕೊಯರ್‌ಗೆ ಮರಳಿದೆ. ಏಪ್ರಿಲ್ ಮುಗಿಯಿತು, ಸೆಕೆ ಏರಿತು.

ಜೂನಿನ ಒಂದು ಬೆಳಿಗ್ಗೆ ಅವರು ಎರಡೂ ಕಿವಿಗೆ ಮಷೀನು ಹಾಕಿಕೊಂಡು ಬಂದರು. ನನಗೆ ಹೇಳದೆ ತಾವೇ ಡಾಕ್ಟರಮ್ಮನ ಹತ್ತಿರ ಹೋಗಿಬಂದಿದ್ದರು. ಇಡೀ ದಿನ ದೂರು. ಎಸಿ ಇಷ್ಟು ಕೂಗುತ್ತದಾ, ಕಾಫಿ ಮಷೀನು ಹೀಗೆ ಗೊರಗೊರ ಅನ್ನುತ್ತದಾ, ನಿನ್ನ ಬಳೆ ಯಾವಾಗಲೂ ಹೀಗೆ ಸದ್ದು ಮಾಡುತ್ತದಾ ಅಂತ. ಸಂಜೆ ನನ್ನನ್ನು ಕರೆದು, ಹೆಲ್ಮೆಟ್ಟಿನೊಳಗೆ ಹಾಕಿಕೊಳ್ಳುವಂಥದ್ದೂ ಸಿಗುತ್ತದಂತೆ, ಅದಕ್ಕೂ ಅಳತೆ ಕೊಟ್ಟಿದ್ದೇನೆ, ಮುಂದಿನ ಚಳಿಗಾಲಕ್ಕೆ ಎಂಟ್ರಿ ಹಾಕಿಬಿಡು, ನಾಲ್ಕು ಇಮೇಲ್ ಅಷ್ಟೆ ಅಂದರು.

ನಾನು ಬಾಗಿಲ ಕಡೆ ತಿರುಗಿ, 'ಪಿಸೊ' ಅಂತ ಗೊಣಗಿದೆ. ನಮ್ಮ ಕೊಂಕಣಿಯಲ್ಲಿ ಹುಚ್ಚ ಅಂತ ಅರ್ಥ. ಒಂಬತ್ತು ವರ್ಷದಿಂದ ಅವರ ಬೆನ್ನ ಹಿಂದೆ, ಕೆಲವೊಮ್ಮೆ ಎದುರಿಗೇ, ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು ಅದು.

'ಫ್ಲಾವಿಯಾ,' ಅಂದರು ಮಿಸ್ಟರ್ ಡೆರೆಕ್ ಹಿಂದಿನಿಂದ, 'ಪಿಸೊ ಅಂದರೆ ಏನು?'

ಬಾಗಿಲ ಹಿಡಿಯ ಮೇಲೆ ನನ್ನ ಕೈ ನಿಂತಿತು.

'ರೇಸ್ ಓಡಿಸುವವರಿಗೆ ನಮ್ಮ ಭಾಷೆಯಲ್ಲಿ ಹಾಗೆ ಹೇಳುತ್ತೇವೆ' ಅಂದೆ.

ಅವರು ಆ ಪದವನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ ಚೆನ್ನಾಗಿದೆ ಅಂದರು. ನಾನು ಮರೆತುಬಿಟ್ಟೆ. ಅಕ್ಟೋಬರಿನಲ್ಲಿ ಕಾರು ಮತ್ತೆ ಹಡಗಿನಿಂದ ಇಳಿದು ಸರ್ಕ್ಯೂಟಿಗೆ ಬಂದಾಗ ಹೊದಿಕೆ ತೆಗೆದು ನೋಡಿದರೆ, ಬಾಗಿಲ ಮೇಲೆ ಬ್ರಿಟನ್ನಿನ ಬಾವುಟ, ಅದರ ಪಕ್ಕ ಅವರ ಹೆಸರು, ಹೆಸರಿನ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಪಿಸೊ ಅಂತ ಬರೆಸಿದ್ದರು. ರಿಚರ್ಡ್ ನಕ್ಕು ನಕ್ಕು ಟಯರ್ ಮೇಲೆ ಕುಸಿದು ಕೂತರು. ಮಿಸ್ಟರ್ ಡೆರೆಕ್ ಹೆಮ್ಮೆಯಿಂದ ನನ್ನ ಮುಖ ನೋಡುತ್ತಾ ನಿಂತಿದ್ದರು. ನಾನು ಏನೋ ಅನ್ನಲಿಕ್ಕೆ ಬಾಯಿ ತೆರೆದೆ. ಅವರಿಗೆ ಈಗ ಎಲ್ಲ ಕೇಳಿಸುತ್ತದೆ ಅಂತ ನೆನಪಾಗಿ, ಬಾಯಿ ಮುಚ್ಚಿ ಹೆಡ್‌ಸೆಟ್ ಹಾಕಿಕೊಂಡೆ.